ಮೀನಿಗೊಂದು ಹೆಸರಿದೆ

ದೆಹಲಿ, ಗುರುಗ್ರಾಮ, ನೋಯ್ಡಾದ ಯಾವ ಮೆಡಿಕಲ್ ಅಂಗಡಿಗೆ ಹೋದರೂ ಮೀನೆಣ್ಣೆಯ ಡಬ್ಬಿ ಕಣ್ಣಿಗೆ ಬೀಳುತ್ತದೆ. ಮುಂಭಾಗದಲ್ಲಿ ದಪ್ಪ ಅಂಕಿಯಲ್ಲಿ 1000 ಎಂದಿರುತ್ತದೆ. ಹಿಂಭಾಗದ ಪುಟ್ಟ ಅಕ್ಷರ ಓದುವ ತಾಳ್ಮೆ ಇದ್ದವರಿಗೆ ಇನ್ನೊಂದು ಲೆಕ್ಕ ಸಿಗುತ್ತದೆ. ಸಾಮಾನ್ಯ ದರ್ಜೆಯ ಗುಳಿಗೆಯಲ್ಲಿ ಆ ಸಾವಿರ ಮಿಲಿಗ್ರಾಂ ಎಣ್ಣೆಯೊಳಗೆ ಇಪಿಎ 180, ಡಿಎಚ್‌ಎ 120. ಕೊಳ್ಳುವವರು ಕಾಸು ಕೊಡುವುದು ಈ ಮುನ್ನೂರಕ್ಕೆ. ಉಳಿದ ಏಳುನೂರು ಮಿಲಿಗ್ರಾಂನಲ್ಲಿ ಹೆಚ್ಚಿನದು ಪಾಮಿಟಿಕ್, ಓಲಿಯಿಕ್, ಮಿರಿಸ್ಟಿಕ್ ಮುಂತಾದ ಕೊಬ್ಬಿನಾಮ್ಲಗಳು. ಅವುಗಳಿಂದ ಕೇಡೇನಿಲ್ಲ. ಅಡುಗೆಮನೆಯ ಎಣ್ಣೆ, ತುಪ್ಪಗಳಲ್ಲಿ ಈಗಾಗಲೇ ಧಾರಾಳವಾಗಿರುವಂಥವು, ಅಷ್ಟೇ.

ಇಷ್ಟೆಲ್ಲ ಅಂಕಿ ಹೊತ್ತ ಎಷ್ಟೋ ಡಬ್ಬಿಗಳ ಮೇಲೆ ಒಂದು ಸಂಗತಿ ಮಾತ್ರ ಇರುವುದಿಲ್ಲ: ಅದು ಯಾವ ಮೀನಿನ ಎಣ್ಣೆ? ಎಳ್ಳೆಣ್ಣೆ, ಸಾಸಿವೆ ಎಣ್ಣೆ, ಕೊಬ್ಬರಿ ಎಣ್ಣೆ ಎಂದು ಹೆಸರಿಟ್ಟು ಕೊಳ್ಳುವ ಜನ ‘ಬೀಜದ ಎಣ್ಣೆ’ ಎಂದಷ್ಟೇ ಬರೆದ ಡಬ್ಬಿಯನ್ನು ಮನೆಗೆ ತಂದಾರೆಯೇ? ಅಗಸೆಯೂ ಬೀಜವೇ, ಕಡಲೆಕಾಯಿಯೂ ಬೀಜವೇ; ಎರಡರ ಎಣ್ಣೆಯ ಒಳಗು ಬೇರೆ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಬೂತಾಯಿಯ ಕೊಬ್ಬಿಗೂ ರೋಹುವಿನ ಕೊಬ್ಬಿಗೂ ಇರುವ ಅಂತರ ಹೆಚ್ಚುಕಡಿಮೆ ಅಂಥದ್ದೇ. ಆದರೂ ಡಬ್ಬಿಯವರಿಂದ ಹಿಡಿದು ‘ವಾರಕ್ಕೆ ಎರಡು ಸಲ ಮೀನು ತಿನ್ನಿ’ ಎಂದು ಚೀಟಿ ಬರೆಯುವ ವೈದ್ಯರವರೆಗೆ ಎಲ್ಲರೂ ‘ಮೀನು’ ಎಂಬ ಒಂದೇ ಪದದಲ್ಲಿ ಕೆಲಸ ಮುಗಿಸುತ್ತಾರೆ.

ಕೊಬ್ಬಿನಾಮ್ಲಗಳ ಹೆಸರುಗಳಲ್ಲೇ ಒಂದು ಕತೆ ಇದೆ. ಹಲವು ಹೆಸರುಗಳು ಬಂದದ್ದು ಗಿಡಮರಗಳಿಂದ. ತಾಳೆಯಿಂದ ಪಾಮಿಟಿಕ್, ಆಲಿವ್‌ನಿಂದ ಓಲಿಯಿಕ್, ಅಗಸೆಯ ಲ್ಯಾಟಿನ್ ಹೆಸರು ಲೈನಮ್‌ನಿಂದ ಲಿನೋಲಿಯಿಕ್, ಜಾಯಿಕಾಯಿಯ ಮಿರಿಸ್ಟಿಕಾದಿಂದ ಮಿರಿಸ್ಟಿಕ್. ಅರಾಕಿಡೋನಿಕ್ ಎಂಬ ಹೆಸರಿನಲ್ಲಿ ಕಡಲೆಕಾಯಿ ಕೂತಿದೆ, ಕಡಲೆಕಾಯಿ ಎಣ್ಣೆಯಲ್ಲಿ ಮಾತ್ರ ಆ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದ ಈ ಎರಡು ಆಮ್ಲಗಳ ವಿಷಯದಲ್ಲಿ ಬಳಕೆಗೆ ನಿಂತದ್ದು ಎಣಿಕೆಯ ಹೆಸರು. ಐಕೋಸಪೆಂಟೀನೋಯಿಕ್ ಎಂದರೆ ಗ್ರೀಕಿನಲ್ಲಿ ಇಪ್ಪತ್ತು ಮತ್ತು ಐದು: ಇಪ್ಪತ್ತು ಇಂಗಾಲ, ಐದು ದ್ವಿಬಂಧ. ಅದೇ ಇಪಿಎ. ಡೋಕೋಸಹೆಕ್ಸೀನೋಯಿಕ್ ಎಂದರೆ ಇಪ್ಪತ್ತೆರಡು ಮತ್ತು ಆರು. ಅದು ಡಿಎಚ್‌ಎ. ಒಮೆಗಾ-3 ಎಂಬುದೂ ಎಣಿಕೆಯೇ. ಗ್ರೀಕ್ ವರ್ಣಮಾಲೆಯ ಕೊನೆಯ ಅಕ್ಷರ ಒಮೆಗಾ. ಇಂಗಾಲದ ಸರಪಣಿಯನ್ನು ಬಾಲದ ಕಡೆಯಿಂದ ಎಣಿಸಿದರೆ ಮೂರನೆಯ ಇಂಗಾಲದಲ್ಲಿ ಮೊದಲ ದ್ವಿಬಂಧ ಸಿಗುತ್ತದೆ ಎಂದರ್ಥ. ಕನ್ನಡಕ್ಕೆ ನಿಷ್ಠೆಯಿಂದ ತಂದಿದ್ದರೆ ‘ಳ-3’ ಆಗಬೇಕಿತ್ತು. ಕನ್ನಡದ ‘ಎಣ್ಣೆ’ ಕೂಡ ಹುಟ್ಟಿನಿಂದ ಎಳ್ಳಿನದ್ದು: ಎಳ್ ಮತ್ತು ನೆಯ್ ಸೇರಿ ಆದ ಪದ. ಮೀನೆಣ್ಣೆ ಎನ್ನುವಾಗಲೂ ಬಾಯಲ್ಲಿ ಎಳ್ಳು ಉಳಿದಿರುತ್ತದೆ.

ಇಪಿಎ, ಡಿಎಚ್‌ಎ ‘ಮೀನಿನ ಕೊಬ್ಬು’ ಎಂಬ ಮಾತು ಅರ್ಧ ಮಾತ್ರ ನಿಜ. ಅವುಗಳನ್ನು ಮೊದಲಿಗೆ ತಯಾರಿಸುವುದು ನೀರಿನ ಸೂಕ್ಷ್ಮ ಪಾಚಿಗಳು, ಡಯಾಟಮ್‌ನಂಥವು. ಅವನ್ನು ಪುಟ್ಟ ಜೀವಿಗಳು ತಿನ್ನುತ್ತವೆ, ಅವುಗಳನ್ನು ಮೀನು ತಿನ್ನುತ್ತದೆ, ಕೊಬ್ಬು ಹಾಗೇ ಮೇಲೇರುತ್ತದೆ. ಬೂತಾಯಿ ಈ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಬಾಯಿ ಹಾಕುತ್ತದೆ. ನೈರುತ್ಯ ಮಾನ್ಸೂನ್ ಬೀಸುವಾಗ ಪಶ್ಚಿಮ ಕರಾವಳಿಯಲ್ಲಿ ತಳದ ತಣ್ಣನೆಯ, ಸತ್ವ ತುಂಬಿದ ನೀರು ಮೇಲೇಳುತ್ತದೆ, ಡಯಾಟಮ್‌ಗಳು ಹುಲುಸಾಗುತ್ತವೆ. ಅದರಲ್ಲೂ ಫ್ರ್ಯಾಗಿಲೇರಿಯಾ ಓಶಿಯಾನಿಕಾ ಎಂಬ ಡಯಾಟಮ್ ಬೂತಾಯಿಯ ಮೆಚ್ಚಿನ ಮೇವು. ಜೂನ್ ಜುಲೈನ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಇಳಿದ ಕೆಲವು ವಾರಗಳಲ್ಲಿ ಬಲೆಗೆ ಬೀಳುವ ಬೂತಾಯಿಯನ್ನು ಬರೀ ಕಾವಲಿಗೆ ಹಾಕಿದರೂ ಸಾಕು, ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ. ಮೈಯಲ್ಲಿ ಕೊಬ್ಬು ನೂರಕ್ಕೆ ಹದಿನೈದರವರೆಗೂ ಹೋಗುವುದುಂಟು. ಬೇಸಿಗೆಯ ಅದೇ ಮೀನಿನಲ್ಲಿ ಮೂರು ನಾಲ್ಕಕ್ಕೆ ಇಳಿದಿರುತ್ತದೆ. ಒಂದೇ ಜಾತಿಯ ಮೀನಿನ ಎರಡು ತಿಂಗಳುಗಳ ನಡುವೆ ಇಷ್ಟು ಅಂತರ. ಕರಾವಳಿಯ ಅಡುಗೆಮನೆಗೆ ಇದು ಹೊಸತಲ್ಲ. ಆಹಾರ ಸಲಹೆಯ ಪುಸ್ತಿಕೆಗಳಿಗೆ ಇನ್ನೂ ಹೊಸತು.

ಸಮುದ್ರದ ಕೊಬ್ಬು ಒಂದು ತರಹ, ಸಿಹಿನೀರಿನದು ಇನ್ನೊಂದು ತರಹ ಎಂಬುದು ವಿಜ್ಞಾನಕ್ಕೆ ಹಳೆಯ ವಿಷಯ. 1930ರ ದಶಕದಲ್ಲಿ ಬ್ರಿಟನ್ನಿನ ಹಿಲ್ಡಿಚ್ ಮತ್ತು ಲವರ್ನ್ ಇದನ್ನು ಗುರುತಿಸಿದ್ದರು. 1967ರಲ್ಲಿ ಕೆನಡಾದ ಆಕ್‌ಮನ್ ಎರಡನ್ನೂ ಎದುರುಬದುರು ಇಟ್ಟು ಹೋಲಿಸಿದರು. ಸಿಹಿನೀರಿನ ಮೀನಿನಲ್ಲಿ ಹದಿನಾರು, ಹದಿನೆಂಟು ಇಂಗಾಲದ ಗಿಡ್ಡ ಆಮ್ಲಗಳು ಹೆಚ್ಚು, ಇಪ್ಪತ್ತು, ಇಪ್ಪತ್ತೆರಡರ ಉದ್ದದವು ಕಡಿಮೆ. ಲಿನೋಲಿಯಿಕ್, ಅರಾಕಿಡೋನಿಕ್‌ನಂಥ ಒಮೆಗಾ-6 ಬಳಗ ಅಲ್ಲಿ ಬಲವಾಗಿದೆ. ಬೂತಾಯಿ ಎಣ್ಣೆಯಲ್ಲಿ ಇಪಿಎ ನೂರಕ್ಕೆ ಹದಿನೈದರ, ಡಿಎಚ್‌ಎ ಹತ್ತರ ಆಸುಪಾಸು ಇರಬಹುದು. ಕೆರೆಯಲ್ಲಿ ಸಾಕಿದ ಗೆಂಡೆ ಜಾತಿಯ ಮೀನಿನಲ್ಲಿ ಎರಡೂ ಸೇರಿ ಅದರ ಒಂದು ಪಾಲಿನಷ್ಟೇ, ಅದೂ ಮೈಯಲ್ಲಿ ಕೊಬ್ಬೇ ತೆಳುವಾಗಿರುವಾಗ.

ಇನ್ನು ದೆಹಲಿಯ ತಟ್ಟೆಗೆ ಬರೋಣ. ಪೂರ್ವ ದೆಹಲಿಯ ಗಾಜಿಪುರ ರಾಜಧಾನಿಯ ದೊಡ್ಡ ಸಗಟು ಮೀನು ಮಂಡಿ. ಅಲ್ಲಿಂದ ಚಿತ್ತರಂಜನ್ ಪಾರ್ಕ್‌ನ ಬಂಗಾಳಿ ಮಾರುಕಟ್ಟೆಗಳಿಗೂ ನೋಯ್ಡಾದ ಬೀದಿಬದಿಯ ಅಂಗಡಿಗಳಿಗೂ ಹೋಗುವ ಮೀನಿನಲ್ಲಿ ರೋಹು, ಕಾಟ್ಲಾಗಳದೇ ಮೇಲುಗೈ. ಅದರಲ್ಲಿ ದೊಡ್ಡ ಪಾಲು ಆಂಧ್ರದ ಕೊಲ್ಲೇರು, ಭೀಮಾವರಂ ಸುತ್ತಿನ ಕೊಳಗಳಿಂದ ಮಂಜುಗಡ್ಡೆಯಲ್ಲಿ ಮುಚ್ಚಿಕೊಂಡು ಬರುತ್ತದೆ. ಆ ಕೊಳಗಳಲ್ಲಿ ಮೀನಿನ ಮುಖ್ಯ ಮೇವು ಎಣ್ಣೆ ತೆಗೆದ ಅಕ್ಕಿ ತೌಡು, ಜೊತೆಗೆ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ. ತೂತು ಮಾಡಿದ ಚೀಲಕ್ಕೆ ತೌಡು ತುಂಬಿ ನೀರಿನಲ್ಲಿ ತೂಗುಬಿಡುತ್ತಾರೆ, ಮೀನು ಬಂದು ತೂತಿಗೆ ಬಾಯಿಟ್ಟು ಎಳೆಯುತ್ತದೆ. ತೌಡಿನ ಪಿಷ್ಟದಿಂದ ಮೀನು ತನ್ನ ಮೈಯಲ್ಲೇ ಪಾಮಿಟಿಕ್, ಓಲಿಯಿಕ್ ಕೊಬ್ಬು ಕಟ್ಟಿಕೊಳ್ಳುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಹದಿನೆಂಟು ಇಂಗಾಲದ ಸಸ್ಯ ಒಮೆಗಾ-3 ಸಿಕ್ಕರೆ ಅದನ್ನು ಉದ್ದ ಮಾಡಿ ಇಪಿಎ, ಡಿಎಚ್‌ಎ ಮಾಡಿಕೊಳ್ಳುವ ಕಸುಬು ಸಿಹಿನೀರಿನ ಮೀನುಗಳಿಗೇ ಹೆಚ್ಚು ಒಲಿದಿದೆ. ಸಮುದ್ರದ ಬಹುಪಾಲು ಮೀನುಗಳಿಗೆ ಅದು ಅಷ್ಟಾಗಿ ಬಾರದು, ಸಿದ್ಧ ಸರಕೇ ಬಾಯಿಗೆ ಬರುವುದರಿಂದ ಬೇಕಾಗಿಯೂ ಇಲ್ಲ. ಕಸುಬು ಗೊತ್ತಿದ್ದವರ ಕೈಗೆ ಕೊಲ್ಲೇರಿನಲ್ಲಿ ಸರಕು ಸಿಗುತ್ತಿಲ್ಲ.

ಆ ರೋಹು ದೆಹಲಿಗೆ ಬಂದು ಸಾಸಿವೆ ಎಣ್ಣೆಯಲ್ಲಿ ಕರಿಯುತ್ತದೆ. ಸಾಸಿವೆ ಎಣ್ಣೆಯಲ್ಲಿ ನೂರಕ್ಕೆ ಹತ್ತರಷ್ಟು ಆಲ್ಫಾ ಲಿನೋಲೆನಿಕ್ ಇರುತ್ತದೆ, ಅದೂ ಒಮೆಗಾ-3 ಬಳಗದ್ದೇ, ಗಿಡ್ಡ ಜಾತಿಯದು. ಹಾಗಾಗಿ ಕರಿದ ತುಂಡಿನಲ್ಲಿ ಬಾಣಲೆಯಿಂದ ಬಂದ ಒಮೆಗಾ-3 ಮೀನಿನದ್ದಕ್ಕಿಂತ ಹೆಚ್ಚಾಗಿರುವ ಸಾಧ್ಯತೆ ದೊಡ್ಡದು! ಮನುಷ್ಯರ ದೇಹ ಅದನ್ನು ಉದ್ದದ ಜಾತಿಗೆ ತಿರುಗಿಸಿಕೊಳ್ಳುವುದು ಮಾತ್ರ ಬಲು ಕಡಿಮೆ.

ಕರಾವಳಿಯಿಂದ ಬಂದು ಗುರುಗ್ರಾಮದ ಹನ್ನೆರಡನೆಯ ಮಹಡಿಯಲ್ಲಿ ಸಂಸಾರ ಹೂಡಿದ ಬಸುರಿಯೊಬ್ಬಳನ್ನು ನೆನೆದುಕೊಂಡರೆ ಈ ಲೆಕ್ಕ ಯಾರಿಗೆ ಬೇಕು ಎಂಬುದು ತಿಳಿಯುತ್ತದೆ. ‘ಮೀನು ತಿಂತೀರಾ?’ ಎಂದು ವೈದ್ಯರು ಕೇಳುತ್ತಾರೆ, ‘ವಾರಕ್ಕೆ ಎರಡು ಸಲ’ ಎನ್ನುತ್ತಾಳೆ. ಕೇಳಿದವರಿಗೂ ಹೇಳಿದವಳಿಗೂ ಸಮಾಧಾನ. ಆದರೆ ಅವಳು ತಿನ್ನುತ್ತಿರುವುದು ಆನ್‌ಲೈನಿನಲ್ಲಿ ತರಿಸಿದ, ಮುಳ್ಳಿಲ್ಲದ, ವಾಸನೆಯಿಲ್ಲದ ಬಾಸಾ. ಬಾಸಾ ಎಂದರೆ ಪಂಗಾಸ್, ಕೊಳದಲ್ಲಿ ಬೆಳೆದದ್ದು, ಡಿಎಚ್‌ಎ ಹೆಸರಿಗಷ್ಟೇ ಇರುವ ಮೀನು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರು 2008ರಲ್ಲಿ ಕೂತು ಗರ್ಭಿಣಿಯರಿಗೆ ದಿನಕ್ಕೆ ಇಪಿಎ, ಡಿಎಚ್‌ಎ ಸೇರಿ 300 ಮಿಲಿಗ್ರಾಂ, ಅದರಲ್ಲಿ ಡಿಎಚ್‌ಎ ಕನಿಷ್ಠ 200 ಎಂದರು. ನೂರು ಗ್ರಾಂ ಬೂತಾಯಿಯಲ್ಲಿ ಕೊಬ್ಬು ಹತ್ತು ಗ್ರಾಂ ಇದ್ದು ಅದರ ಕಾಲು ಭಾಗ ಈ ಎರಡು ಆಮ್ಲಗಳೆಂದು ಹಿಡಿದರೆ ಎರಡು ಗ್ರಾಂ ಮೀರುತ್ತದೆ. ವಾರದ ಬಾಬತ್ತು ಒಂದೇ ಊಟದಲ್ಲಿ ತೀರಿತು. ನೂರು ಗ್ರಾಂ ರೋಹುವಿನಲ್ಲಿ ಕೊಬ್ಬು ಎರಡು ಗ್ರಾಂ, ಅದರ ಹತ್ತನೇ ಒಂದು ಭಾಗ ಎಂದು ಉದಾರವಾಗಿ ಹಿಡಿದರೂ 200 ಮಿಲಿಗ್ರಾಂ, ಒಂದು ದಿನಕ್ಕೂ ಸಾಲದು. ‘ಯಾವ ಮೀನು?’ ಎಂಬ ಎರಡೇ ಪದದ ಪ್ರಶ್ನೆಗೆ ಚೀಟಿಯಲ್ಲಿ ಜಾಗವಿಲ್ಲ.

ಹಾಗೆಂದು ಸಮುದ್ರ ಮೇಲು, ಕೆರೆ ಕೀಳು ಎಂದು ತೀರ್ಪು ಕೊಡುವವರನ್ನೂ ಒಪ್ಪುವಂತಿಲ್ಲ. ಮೊದಲನೆಯದಾಗಿ, ಉತ್ತರ ಭಾರತದ ಬಡ ಮನೆಗೆ ರೋಹು ತರುವುದು ಪ್ರೋಟೀನು, ಅದರ ಬೆಲೆ ಒಮೆಗಾ ಲೆಕ್ಕದಿಂದ ಕುಗ್ಗುವುದಿಲ್ಲ. ಎರಡನೆಯದಾಗಿ, ಉಪ್ಪುನೀರು ಸಿಹಿನೀರು ಎಂಬ ಗೋಡೆಯೇ ಅಷ್ಟು ಗಟ್ಟಿಯಲ್ಲ. ಹಿಮಾಲಯದ ತಣ್ಣನೆ ತೊರೆಗಳಲ್ಲಿ ಸಾಕುವ ಟ್ರೌಟ್ ಸಿಹಿನೀರಿನದು. ಮೀನುಹಿಟ್ಟು, ಮೀನೆಣ್ಣೆ ಬೆರೆತ ಮೇವು ತಿನ್ನುವುದರಿಂದ ಅದರ ಕೊಬ್ಬಿನಲ್ಲಿ ಕಡಲಿದೆ. ದೆಹಲಿಯ ದುಬಾರಿ ಹೋಟೆಲುಗಳ ಸಾಲ್ಮನ್ ಕಡಲಿನ ಪಂಜರದಲ್ಲಿ ಬೆಳೆದದ್ದು. ಮೇವಿನಲ್ಲಿ ಸಾಸಿವೆ ಕುಲದ ರೇಪ್‌ಸೀಡ್ ಎಣ್ಣೆ ಹೆಚ್ಚಿದಂತೆಲ್ಲ ಅದರ ಕೊಬ್ಬಿನಲ್ಲಿ ಹೊಲ ಕಾಣಿಸಿಕೊಂಡಿತು. ಸ್ಕಾಟ್ಲೆಂಡಿನ ಸಾಕಿದ ಸಾಲ್ಮನ್‌ನಲ್ಲಿ ಇಪಿಎ, ಡಿಎಚ್‌ಎ ಪ್ರಮಾಣ 2006ರಿಂದ 2015ರ ನಡುವೆ ಸುಮಾರು ಅರ್ಧಕ್ಕಿಳಿಯಿತು. ಚಿತ್ತರಂಜನ್ ಪಾರ್ಕ್‌ನಲ್ಲಿ ಕಾದು ಕೊಳ್ಳುವ ಇಲಿಶ್ ಎರಡೂ ಕಡೆಯದ್ದು. ಕಡಲಲ್ಲಿ ಮೈ ತುಂಬಿಕೊಂಡು ಮೊಟ್ಟೆಯಿಡಲು ನದಿಗೆ ಬರುತ್ತದೆ. 1975ರಲ್ಲಿ ಫರಕ್ಕಾ ಬ್ಯಾರೇಜು ಅಡ್ಡ ಬರುವ ಮುಂಚೆ ಗಂಗೆಯಲ್ಲಿ ಅಲಹಾಬಾದಿನವರೆಗೂ ಈಜಿ ಬರುತ್ತಿತ್ತು. ಹಾಗಾಗಿ ಮೀನಿನ ಹೆಸರಿನ ಜೊತೆ ಅದು ಏನು ತಿಂದಿತು ಎಂಬುದೂ ಬೇಕು. ಹೆಸರಂತೂ ಮೊದಲು ಬೇಕು.

ಮಾಹಿತಿ ಕಲೆಹಾಕುವವರೂ ಇಲ್ಲಿ ಪಕ್ಷಪಾತ ಮಾಡಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕ ದೊಡ್ಡ ಕೆಲಸ. 528 ಆಹಾರ ವಸ್ತುಗಳು, ಅವುಗಳ ಕೊಬ್ಬಿನಾಮ್ಲಗಳ ಲೆಕ್ಕವೂ ಉಂಟು. ಅದರಲ್ಲಿ ಸಮುದ್ರ ಮೀನುಗಳು ತೊಂಬತ್ತರ ಮೇಲೆ. ಸಿಹಿನೀರಿನವು ಸಿಗಡಿ ಏಡಿ ಸೇರಿಸಿ ಹತ್ತರಷ್ಟು. ದೇಶ ತಿನ್ನುತ್ತಿರುವುದೋ ತಿರುಗುಮುರುಗು. 1950-51ರಲ್ಲಿ ಭಾರತದ 7.5 ಲಕ್ಷ ಟನ್ ಮೀನಿನಲ್ಲಿ ಕಡಲಿನದ್ದೇ 5.3 ಲಕ್ಷ ಟನ್. 2022-23ರಲ್ಲಿ ಒಟ್ಟು 175 ಲಕ್ಷ ಟನ್, ಅದರಲ್ಲಿ ಒಳನಾಡಿನದ್ದು 131 ಲಕ್ಷ. ನಾಲ್ಕರಲ್ಲಿ ಮೂರು ಮೀನು ಕೆರೆ, ಕೊಳ, ನದಿಗಳದ್ದಾಗಿರುವಾಗ ಒಂದೇ ರೋಹುವನ್ನು ಆಂಧ್ರದ ತೌಡಿನದ್ದು, ಹರಿಯಾಣದ ಕೊಳದ್ದು, ನದಿಯದ್ದು ಎಂದು ಬೇರೆಮಾಡಿ ಅಳೆಯುವ ಕೆಲಸಕ್ಕೆ ದೆಹಲಿಯ ದುಡ್ಡು ಹರಿಯಬೇಕಿತ್ತು.

ಇತ್ತ ಬೂತಾಯಿ ಎಲ್ಲಿ ಹೋಗುತ್ತಿದೆ? ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಕಾಸರಗೋಡಿನಲ್ಲಿ ಮತ್ತಿ ಎನಿಸಿಕೊಳ್ಳುವ ಇದೇ ಮೀನನ್ನು ಹಿಂದೆ ದಕ್ಷಿಣ ಕನ್ನಡ, ಮಲಬಾರಿನ ತೀರದಲ್ಲಿ ಹಂಡೆಯಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಗೆ ಬುನಾದಿ ಹಾಕಿದ ಫ್ರೆಡರಿಕ್ ನಿಕೋಲ್ಸನ್ 20ನೇ ಶತಮಾನದ ಆರಂಭದಲ್ಲಿ ಇದನ್ನು ಶುಚಿಯಾಗಿ ಮಾಡುವ ದಾರಿ ಹುಡುಕಿದರು. ಎಣ್ಣೆ ಸಾಬೂನಿಗೆ, ಚರ್ಮ ಹದ ಮಾಡುವುದಕ್ಕೆ, ಹಿಂಡಿ ತೋಟದ ಗೊಬ್ಬರಕ್ಕೆ. ಮನೆಯಲ್ಲಿ ಉಳಿದ ಎಣ್ಣೆ ಮರದ ದೋಣಿಯ ಮೈಗೆ. ಇವತ್ತು ಉಳ್ಳಾಲ, ಮುಕ್ಕ, ಮಲ್ಪೆಯ ಆಸುಪಾಸಿನ ಕಾರ್ಖಾನೆಗಳಲ್ಲಿ ಬೂತಾಯಿಯೂ ಇತರ ಚಿಕ್ಕ ಮೀನುಗಳೂ ಹಿಟ್ಟಾಗಿ, ಎಣ್ಣೆಯಾಗಿ ಸಿಗಡಿ, ಸಾಕಣೆ ಮೀನು, ಕೋಳಿಗಳ ಮೇವಿಗೂ ರಫ್ತಿಗೂ ಹೋಗುತ್ತವೆ. ದೆಹಲಿಯ ಗುಳಿಗೆಯೊಳಗಿನ ಎಣ್ಣೆಯ ಮೂಲ ಹುಡುಕಿ ಹೊರಟರೆ ಬಹಳ ಸಲ ದಾರಿ ಪೆರುವಿನ ಆಂಚೊವೆಟಾ ಎಂಬ ಮೀನಿಗೆ ಮುಟ್ಟುತ್ತದೆ, ಜಗತ್ತಿನಲ್ಲಿ ಇಷ್ಟು ರಾಶಿಯಾಗಿ ಹಿಡಿಯುವ ಇನ್ನೊಂದೇ ಜಾತಿಯ ಮೀನಿಲ್ಲ. ಎಲ್ ನಿನ್ಯೋದಿಂದ 2023ರಲ್ಲಿ ಪೆರು ತನ್ನ ಮೊದಲ ಹಂಗಾಮನ್ನೇ ರದ್ದು ಮಾಡಿದಾಗ ಜಗತ್ತಿನಾದ್ಯಂತ ಮೀನೆಣ್ಣೆ ತುಟ್ಟಿಯಾಯಿತು.

ಬೂತಾಯಿಯೂ ನೆಚ್ಚಿಕೊಂಡು ಕೂರುವ ಮೀನಲ್ಲ. ಪಕ್ಕದ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕದ್ದು 2021ರಲ್ಲಿ 3,297 ಟನ್ನಿಗೆ ಕುಸಿದಿತ್ತು. ಹೀಗಿರುವಾಗ ಸಿಕ್ಕ ವರ್ಷ ಸಿಕ್ಕಷ್ಟನ್ನು ಹಿಟ್ಟು ಮಾಡಿ ಸಿಗಡಿಗೆ ತಿನ್ನಿಸುವುದು, ಗುಳಿಗೆಗೆ ಮಾತ್ರ ಪೆರುವಿನ ದಾರಿ ಕಾಯುವುದು, ಇದು ಯಾವ ಜಾಣತನ? ಶೈತ್ಯದ ಲಾರಿಯೋ ರೈಲೋ ದೆಹಲಿಗೆ ಬೂತಾಯಿ ತರುವುದು ಅಸಾಧ್ಯವೇನಲ್ಲ. ದೆಹಲಿ ಕರ್ನಾಟಕ ಸಂಘ ಇರುವ ಆರ್.ಕೆ. ಪುರಂಗೆ ಐಎನ್‌ಎ ಮಾರುಕಟ್ಟೆ ದೂರವಲ್ಲ, ಅಲ್ಲಿ ಕಡಲ ಮೀನು ಹುಡುಕಿ ಬರುವ ದಕ್ಷಿಣದವರು ಹಿಂದಿನಿಂದಲೂ ಇದ್ದಾರೆ. ಅಂಜಲ್‌ಗೆ ಬೆಲೆ ಕೊಡುವವರು ಬೂತಾಯಿಯನ್ನು ಬಡವರ ಮೀನೆಂದು ಬದಿಗಿಡುವುದೂ ನಿಜ. ಕೊಬ್ಬಿನಾಮ್ಲದ ಲೆಕ್ಕದಲ್ಲಿ ಆ ಅಂತಸ್ತು ತಲೆಕೆಳಗು.

ಗುಳಿಗೆಯ ಪ್ರತಾಪದ ಬಗ್ಗೆಯೂ ಒಂದೆರಡು ಮಾತು. ಒಮೆಗಾ-3ರ ಕೀರ್ತಿ ಶುರುವಾದದ್ದು 1970ರ ಹೊತ್ತಿಗೆ, ಡೆನ್ಮಾರ್ಕಿನ ಬಾಂಗ್ ಮತ್ತು ಡಿಯರ್‌ಬರ್ಗ್ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರ ರಕ್ತ ಪರೀಕ್ಷಿಸಿದಾಗ. ಆ ಜನ ತಿನ್ನುತ್ತಿದ್ದದ್ದು ಹೆಚ್ಚಾಗಿ ಸೀಲ್ ಮತ್ತು ತಿಮಿಂಗಿಲ ಎಂಬುದು ಮೀನೆಣ್ಣೆ ಜಾಹೀರಾತುಗಳಲ್ಲಿ ಕಾಣುವುದಿಲ್ಲ. 2018ರಲ್ಲಿ ಅಮೆರಿಕದ ಸುಮಾರು 26 ಸಾವಿರ ಜನರ ವೈಟಲ್ ಪ್ರಯೋಗದಲ್ಲೂ ಬ್ರಿಟನ್ನಿನ 15 ಸಾವಿರ ಮಧುಮೇಹಿಗಳ ಅಸೆಂಡ್ ಪ್ರಯೋಗದಲ್ಲೂ ದಿನಕ್ಕೊಂದು ಗ್ರಾಂ ಗುಳಿಗೆ ಒಟ್ಟಾರೆ ಹೃದ್ರೋಗವನ್ನು ಗಮನಾರ್ಹವಾಗಿ ತಗ್ಗಿಸಲಿಲ್ಲ. ಶುದ್ಧ ಇಪಿಎಯನ್ನು ದಿನಕ್ಕೆ ನಾಲ್ಕು ಗ್ರಾಂ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಲಾಭ ಕಂಡಿತು, ಅದರ ಬಗ್ಗೆ ವಾದ ಇನ್ನೂ ನಡೆದಿದೆ. ಹೆಚ್ಚಿನ ಪ್ರಮಾಣದಲ್ಲಿ ಹೃದಯದ ಲಯ ತಪ್ಪುವ ಅಪಾಯವೂ ವರದಿಯಾಗಿದೆ.

ಕನ್ನಡ ನಾಡಿಗೆ ಹತ್ತಿರದ ಪ್ರಯೋಗ ಬೆಳಗಾವಿಯದು. ದೆಹಲಿ ವಲಯದ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾದ ಸಂಶೋಧಕರು ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನೊಂದಿಗೆ ಸೇರಿ ‘ಧನಿ’ ಎಂಬ ಅಧ್ಯಯನ ನಡೆಸಿದರು. 957 ಗರ್ಭಿಣಿಯರು. ಒಂದು ಗುಂಪಿಗೆ ದಿನಕ್ಕೆ 400 ಮಿಲಿಗ್ರಾಂ ಡಿಎಚ್‌ಎ, ಹೆರಿಗೆಯಾಗಿ ಆರು ತಿಂಗಳವರೆಗೂ. ಇನ್ನೊಂದು ಗುಂಪಿಗೆ ಡಿಎಚ್‌ಎ ಇಲ್ಲದ ಗುಳಿಗೆ. ಮಕ್ಕಳಿಗೆ ಒಂದು ವರ್ಷವಾದಾಗ ಎರಡೂ ಗುಂಪುಗಳ ಬೆಳವಣಿಗೆಯ ಅಂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಸೆ ಇಟ್ಟುಕೊಂಡವರಿಗೆ ನಿರಾಸೆ ಆಗಿರಬಹುದು. ಆದರೆ ಆ ಗುಳಿಗೆಯ ಡಿಎಚ್‌ಎ ಎಲ್ಲಿಂದ ಬಂತು (ಪಾಚಿಯಿಂದ, ಮೀನಿನ ಮಧ್ಯಸ್ಥಿಕೆಯೇ ಇಲ್ಲದೆ), ಎಷ್ಟಿತ್ತು, ಎಷ್ಟು ದಿನ ಕೊಟ್ಟರು ಎಂಬುದು ಖಚಿತವಾಗಿ ದಾಖಲಾಗಿದೆ. ಅಂಗಡಿಯ ಡಬ್ಬಿಯಿಂದ ಕೇಳುತ್ತಿರುವುದು ಇಷ್ಟೇ ಖಚಿತತೆ. ಅಂದಹಾಗೆ, ಮೊಟ್ಟೆಯನ್ನೂ ಮುಟ್ಟದ ಎಷ್ಟೋ ಮನೆಗಳಲ್ಲಿ ಮೀನೆಣ್ಣೆಯ ಗುಳಿಗೆ ‘ಔಷಧಿ’ಯ ಲೆಕ್ಕದಲ್ಲಿ ಒಳಗೆ ಬರುತ್ತದೆ. ಪಾಚಿಯ ಎಣ್ಣೆ ಎಂಬುದೊಂದಿದೆ ಎಂದು ಅವರಿಗೆ ಹೇಳಿದವರಿಲ್ಲ.

ಡಬ್ಬಿಯ ಮೇಲೆ ಏನಿರಬೇಕೆಂದು ಹೇಳುವ ಆಹಾರ ಸುರಕ್ಷತಾ ಪ್ರಾಧಿಕಾರದ ಕಚೇರಿ ದೆಹಲಿಯ ಕೋಟ್ಲಾ ರಸ್ತೆಯಲ್ಲಿದೆ. ಅದರ 2020ರ ನಿಯಮದ ಪ್ರಕಾರ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಬಳಸಲು ಅಡ್ಡಿಯಿಲ್ಲ. ಅಡ್ಡಿಯಿಲ್ಲ ಎಂದರೆ ಯಾರೂ ಬಳಸುವುದಿಲ್ಲ ಎಂದೇ ಅರ್ಥ. ಬೂತಾಯಿ, ಬೈಗೆ, ತಾರ್ಲೆ ಎಂದು ಒಂದು ಮೀನಿಗೆ ಮೂರು ಹೆಸರಿಟ್ಟ ಜನರಿಗೆ ಆ ಡಬ್ಬಿ ‘ಫಿಶ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹಿಡಿದ ಕಡೆ, ಹಂಗಾಮು ನೋಡಿ ಎಣ್ಣೆ ಬೆರೆಸುತ್ತೇವೆ, ಪ್ರತಿಸಲ ಹೆಸರು ಹಾಕುವುದು ಕಷ್ಟ ಎಂಬುದು ತಯಾರಕರ ವಾದ ಇರಬಹುದು. ಎರಡು ಸಸ್ಯಜನ್ಯ ಎಣ್ಣೆ ಬೆರೆಸಿ ಮಾರುವವರು ಯಾವ ಎಣ್ಣೆ ನೂರಕ್ಕೆ ಎಷ್ಟು ಎಂದು ಬರೆಯಬೇಕೆಂಬ ನಿಯಮ ಇದೇ ದೇಶದಲ್ಲಿದೆ. ಸೂರ್ಯಕಾಂತಿ, ತೌಡೆಣ್ಣೆಯವರು ಪಾಲಿಸುತ್ತಿರುವುದನ್ನು ಮೀನೆಣ್ಣೆಯವರು ಪಾಲಿಸಲಾರರೇ?

ಮೀನಿನ ಹೆಸರು, ಹಿಡಿದ ಕಡಲು, ಎಣ್ಣೆ ತೆಗೆದ ತಿಂಗಳು ಇಷ್ಟು ಬೇಕು. ತಿಂಗಳು ಯಾಕೆಂದರೆ ಐದಾರು ದ್ವಿಬಂಧದ ಆಮ್ಲಗಳು ಗಾಳಿ, ಬೆಳಕು, ಬಿಸಿ ತಾಗಿದರೆ ಬೇಗ ಕೆಡುತ್ತವೆ. ಬೂತಾಯಿ ಎಣ್ಣೆ ಬಳಿದ ದೋಣಿಯ ಹಲಗೆಯ ಮೇಲೆ ಪದರು ಕಟ್ಟಿ ಗಟ್ಟಿಯಾಗುತ್ತಿದ್ದದ್ದು ಇದೇ ಗುಣದಿಂದ: ದ್ವಿಬಂಧಗಳು ಆಮ್ಲಜನಕ ಹಿಡಿದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮರಕ್ಕೆ ಅದು ರಕ್ಷೆ. ಜೂನ್ ತಿಂಗಳ ದೆಹಲಿಯಲ್ಲಿ, ನಲವತ್ತೈದು ಡಿಗ್ರಿಯ ಮಧ್ಯಾಹ್ನ, ಕೊರಿಯರ್ ಹುಡುಗನ ಬೈಕಿನ ಹಿಂದಿನ ಚೀಲದಲ್ಲಿ ನೋಯ್ಡಾದಿಂದ ದ್ವಾರಕಾಕ್ಕೆ ಹೊರಟ ಡಬ್ಬಿಯೊಳಗೂ ಅದೇ ಕ್ರಿಯೆ ಶುರುವಾಗಬಲ್ಲದು. ಗುಳಿಗೆಯೊಂದನ್ನು ಹಲ್ಲಿನಲ್ಲಿ ಒಡೆದು ರುಚಿ ನೋಡಿದರೆ ಕಮಟಾಗಿದೆಯೇ ಎಂದು ತಿಳಿಯುತ್ತದೆ; ನಿಂಬೆಯ, ಕಿತ್ತಳೆಯ ಪರಿಮಳ ಬೆರೆಸಿದ್ದರೆ ಅದೂ ತಿಳಿಯುವುದಿಲ್ಲ.